ಗುಟ್ಟು ಯಾರದು?



ನಮ್ಮ ಕನ್ನಡ ಕುಟುಂಬಗಳು ಒಂದೆಡೆ ಸೇರಿದಾಗ, ಅದು ಗಣೇಶ ಚೌತಿಯಾಗಲಿ, ಯಾರದೋ ಮನೆಯ ಸತ್ಯನಾರಾಯಣ ಪೂಜೆಯಾಗಲಿ, ಹೈಸ್ಕೂಲಿನ ಮಕ್ಕಳಿರುವ ತಂದೆತಾಯಿಯರಿಗೆ ಎದುರಾಗುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: "ಮಗ ಹೇಗೆ ಓದ್ತಿದಾನೆ? ಎಷ್ಟು ಎ.ಪಿ. ಕ್ಲಾಸು ತಗೊಂಡಿದಾನೆ?" ಕೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ಊರಿನಲ್ಲಿ "ಊಟ ಆಯ್ತಾ?" ಎಂದು ಕೇಳುವ ಹಾಗೆ ಇಲ್ಲಿ ಇದೂ ಒಂದು ಕುಶಲ ಪ್ರಶ್ನೆ. ಆದರೆ ಕೆಲವು ಮನೆಯವರಿಗೆ ಈ ಪ್ರಶ್ನೆ ಕಿವಿಗೆ ಬಿದ್ದೊಡನೆ ಕೈಯಲ್ಲಿರುವ ಪ್ರಸಾದದ ತಟ್ಟೆ ಭಾರವಾಗುತ್ತದೆ. "ಪರವಾಗಿಲ್ಲ, ಓದ್ತಿದಾನೆ" ಎಂದು ಹೇಳಿ ಮಾತನ್ನು ಹವಾಮಾನದ ಕಡೆಗೆ ತಿರುಗಿಸುತ್ತಾರೆ. ಈ ಬರಹ ಅಂಥ ಮನೆಗಳ ಬಗ್ಗೆ. ಅವರ ಅಕ್ಕಪಕ್ಕದಲ್ಲಿ ಕೂತು ಊಟ ಮಾಡುವ ನಮ್ಮೆಲ್ಲರ ಬಗ್ಗೆಯೂ ಹೌದು.

ಅಕ್ಷರಗಳು ಸುಲಭವಾಗಿ ವಶವಾಗದ ಮಕ್ಕಳು ನಮ್ಮ ನಡುವೆಯೂ ಇದ್ದಾರೆ. ಬುದ್ಧಿ ಚುರುಕು, ಮಾತು ಚುರುಕು, ಒಮ್ಮೆ ಕೇಳಿದ ಕಥೆಯನ್ನು ಹಾಗೆಯೇ ಒಪ್ಪಿಸುತ್ತಾರೆ. ಆದರೆ ಜೊತೆಯವರು ಐದು ನಿಮಿಷದಲ್ಲಿ ಓದುವ ಪುಟಕ್ಕೆ ಇವರಿಗೆ ಹದಿನೈದು ನಿಮಿಷ ಬೇಕಾಗಬಹುದು. ಓದಿನ ಈ ತೊಡಕಿಗೆ ಡಿಸ್ಲೆಕ್ಸಿಯಾ ಎನ್ನುತ್ತಾರೆ. ಬರವಣಿಗೆಯಲ್ಲಾದರೆ ಡಿಸ್‌ಗ್ರಾಫಿಯಾ, ಲೆಕ್ಕದಲ್ಲಾದರೆ ಡಿಸ್‌ಕ್ಯಾಲ್ಕುಲಿಯಾ. ಇವನ್ನೆಲ್ಲ ಒಟ್ಟಾಗಿ ಲರ್ನಿಂಗ್ ಡಿಸೆಬಿಲಿಟಿ, ಅಂದರೆ ಕಲಿಕೆಯ ತೊಂದರೆ, ಎಂದು ಕರೆಯುವುದು ಹೆಚ್ಚು ಬಳಕೆಗೆ ಬಂದದ್ದು 1963ರ ನಂತರ. ಆ ವರ್ಷ ಶಿಕಾಗೋ ನಗರದಲ್ಲಿ ಇಂಥ ಮಕ್ಕಳ ತಂದೆತಾಯಿಯರು ಸೇರಿದ್ದ ಸಭೆಯಲ್ಲಿ ಮನಶ್ಶಾಸ್ತ್ರಜ್ಞ ಸ್ಯಾಮ್ಯುಯೆಲ್ ಕರ್ಕ್ ಆ ಹೆಸರನ್ನು ಮುಂದಿಟ್ಟರು. ಇಂದು ಅಮೆರಿಕದ ಶಾಲೆಗಳಲ್ಲಿ ವಿಶೇಷ ಶಿಕ್ಷಣ ಪಡೆಯುವ 70 ಲಕ್ಷಕ್ಕೂ ಹೆಚ್ಚು ಮಕ್ಕಳಲ್ಲಿ ಸುಮಾರು ಮೂರನೆಯ ಒಂದು ಪಾಲು ಈ ಗುಂಪಿನವರು. ಅಂದಮೇಲೆ ಇದು ಅಪರೂಪದ ಸಂಗತಿಯೇನಲ್ಲ. ನಮ್ಮವರಲ್ಲಿ ಅಪರೂಪವೆಂದು ತೋರುವುದಕ್ಕೆ ಕಾರಣ, ನಮ್ಮವರಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ ಎಂಬುದೇ.

ಹೇಳದಿರುವುದು ತಪ್ಪೇ? ಇದು ನಮ್ಮ ಮುಂದಿರುವ ಪ್ರಶ್ನೆ. ಸುಲಭವಾದ ಪ್ರಶ್ನೆಯಲ್ಲ.

ಮುಚ್ಚಿಡುವ ತಂದೆತಾಯಿಯರನ್ನು ದೂರುವುದು ಸರಿಯಲ್ಲ. ಅವರು ಮಗುವಿನ ಮೇಲಿನ ಪ್ರೀತಿಯಿಂದಲೇ ಮುಚ್ಚಿಡುತ್ತಾರೆ. ಒಮ್ಮೆ ಹಣೆಪಟ್ಟಿ ಅಂಟಿತೆಂದರೆ ಜೀವನಪೂರ್ತಿ ಕೀಳಲಾಗದು ಎಂಬ ಭಯ. ನಾಲ್ಕು ಜನರ ಬಾಯಿಗೆ ಬಿದ್ದರೆ ನಾಳೆ ಮದುವೆಯ ಮಾತಿನಲ್ಲಿ ತೊಡಕಾದೀತು ಎಂಬ ಭಯ. ಊರಿನಲ್ಲಿರುವ ಅಜ್ಜಿ ತಾತಂದಿರು "ಅದೆಲ್ಲ ಏನೂ ಇಲ್ಲ, ಸ್ವಲ್ಪ ಸೋಮಾರಿ ಅಷ್ಟೇ, ಸರಿಹೋಗ್ತಾನೆ" ಎಂದಾರು ಎಂಬ ಬೇಸರ. ಎಲ್ಲಕ್ಕಿಂತ ಮಿಗಿಲಾಗಿ, ಹೆಸರು ತಿಳಿದರೆ ಮಗುವೇ ಎದೆಗುಂದೀತು ಎಂಬ ಆತಂಕ. ಆದ್ದರಿಂದ ಮನೆಯಲ್ಲಿ ಆ ಪದವನ್ನೇ ಆಡುವುದಿಲ್ಲ. ಮಗುವಿಗೂ "ನಿನಗೆ ಶಾಲೆಯಲ್ಲಿ ಸ್ವಲ್ಪ ಹೆಚ್ಚು ಸಹಾಯ ಕೊಡ್ತಾರೆ" ಎಂದಷ್ಟೇ ಹೇಳಿರುತ್ತಾರೆ.

ಈ ಮೌನ ಎಲ್ಲಿಯವರೆಗೆ ನಡೆದೀತು ಎಂದು ನೋಡಲು ಒಬ್ಬ ಹುಡುಗಿಯನ್ನು ಕಲ್ಪಿಸಿಕೊಳ್ಳೋಣ. ಮೂರನೆಯ ತರಗತಿಯಲ್ಲಿ ಅವಳ ತೊಂದರೆ ಗೊತ್ತಾಯಿತು. ಶಾಲೆಯವರು ಐ.ಇ.ಪಿ., ಅಂದರೆ ಅವಳೊಬ್ಬಳಿಗಾಗಿಯೇ ಮಾಡಿದ ಕಲಿಕೆಯ ಯೋಜನೆ, ತಯಾರಿಸಿದರು. ಪರೀಕ್ಷೆಯಲ್ಲಿ ಒಂದೂವರೆ ಪಟ್ಟು ಸಮಯ, ಪಠ್ಯವನ್ನು ಕೇಳಿಸಿಕೊಳ್ಳುವ ಅನುಕೂಲ, ವಾರಕ್ಕೆ ಮೂರು ದಿನ ವಿಶೇಷ ಶಿಕ್ಷಕಿಯ ಪಾಠ. ವರ್ಷ ವರ್ಷವೂ ಸಭೆಗೆ ಅಪ್ಪ ಅಮ್ಮ ಹೋದರು, ಸಹಿ ಹಾಕಿದರು. ಟೀಚರಿಗೆ ಇ-ಮೇಲ್ ಬರೆಯುವವರು ಅಮ್ಮ, ಗಡುವು ಮುಂದೂಡಿಸುವವರು ಅಪ್ಪ. ಹುಡುಗಿ ಒಳ್ಳೆಯ ಅಂಕಗಳೊಂದಿಗೆ ಹೈಸ್ಕೂಲು ಮುಗಿಸಿ ಒಳ್ಳೆಯ ಕಾಲೇಜು ಸೇರಿದಳು. ಅಕ್ಟೋಬರಿನಲ್ಲಿ ಮೊದಲ ಮಿಡ್‌ಟರ್ಮ್. ಹೆಚ್ಚುವರಿ ಸಮಯವಿಲ್ಲ, ಕೇಳಿಸಿಕೊಳ್ಳುವ ಪಠ್ಯವಿಲ್ಲ. ಏಕೆಂದರೆ ಯಾರೂ ಕೇಳಲಿಲ್ಲ. ಕೇಳಬೇಕಾದವಳು ತಾನೇ ಎಂದು ಅವಳಿಗೆ ಗೊತ್ತಿರಲಿಲ್ಲ. ಕೇಳೋಣವೆಂದರೆ, ತನಗಿರುವ ತೊಂದರೆಯ ಹೆಸರೇನು, ಯಾವ ಅನುಕೂಲ ಏತಕ್ಕೆ ಬೇಕು ಎಂದು ಹೇಳುವ ಮಾತುಗಳೂ ಅವಳ ಬಳಿ ಇರಲಿಲ್ಲ. "ನಾನೇ ದಡ್ಡಿ, ಹೇಗೋ ಇಲ್ಲಿಯವರೆಗೆ ಬಂದುಬಿಟ್ಟೆ" ಎಂಬ ತೀರ್ಮಾನಕ್ಕೆ ಅವಳು ಬಂದರೆ ಆಶ್ಚರ್ಯವೇನು?

ಇದು ಕಲ್ಪನೆಯ ಹುಡುಗಿಯಾದರೂ ಅವಳು ನಿಂತಿರುವ ನೆಲ ಕಲ್ಪನೆಯದಲ್ಲ. ಈ ದೇಶದ ಕಾನೂನು ಹೈಸ್ಕೂಲಿನ ಬಾಗಿಲಲ್ಲಿ ಬದಲಾಗುತ್ತದೆ. 1975ರಲ್ಲಿ ಬಂದು, 1990ರಲ್ಲಿ ಐಡಿಇಎ ಎಂಬ ಹೆಸರು ಪಡೆದ ಶಿಕ್ಷಣ ಕಾನೂನಿನ ಪ್ರಕಾರ ಮಗುವಿನ ತೊಂದರೆಯನ್ನು ಗುರುತಿಸುವುದು, ಪರೀಕ್ಷಿಸುವುದು, ಯೋಜನೆ ಮಾಡುವುದು ಎಲ್ಲವೂ ಶಾಲೆಯ ಹೊಣೆ. ಹೈಸ್ಕೂಲಿನ ಡಿಪ್ಲೊಮಾ ಕೈಗೆ ಬಂದ ದಿನ ಆ ಹೊಣೆ ಮುಗಿಯುತ್ತದೆ. ಕಾಲೇಜಿನಲ್ಲಿ ಐ.ಇ.ಪಿ. ಎಂಬುದೇ ಇಲ್ಲ. ಅಲ್ಲಿ ನಡೆಯುವುದು 1973ರ ಪುನರ್ವಸತಿ ಕಾಯ್ದೆಯ ಸೆಕ್ಷನ್ 504 ಮತ್ತು 1990ರ ಎ.ಡಿ.ಎ. ಕಾಯ್ದೆ. ಇವು ತಾರತಮ್ಯ ಮಾಡಬಾರದೆಂದು ಕಟ್ಟುಮಾಡುತ್ತವೆ. ಆದರೆ "ನನಗೆ ಇಂಥ ತೊಂದರೆಯಿದೆ, ಇಂಥ ಅನುಕೂಲ ಬೇಕು" ಎಂದು ಕಾಲೇಜಿನ ಡಿಸೆಬಿಲಿಟಿ ಸರ್ವಿಸಸ್ ಆಫೀಸಿಗೆ ಹೋಗಿ, ಕಾಗದಪತ್ರ ತೋರಿಸಿ ಕೇಳಬೇಕಾದವರು ವಿದ್ಯಾರ್ಥಿಯೇ. ಹದಿನೆಂಟು ತುಂಬಿದೊಡನೆ, ಅಥವಾ ಕಾಲೇಜು ಸೇರಿದೊಡನೆ, ಓದಿನ ದಾಖಲೆಗಳ ಮೇಲಿನ ಹಕ್ಕು ತಂದೆತಾಯಿಯರಿಂದ ಮಕ್ಕಳಿಗೆ ಹೋಗುತ್ತದೆ. ಅಮ್ಮ ಪ್ರೊಫೆಸರರಿಗೆ ಫೋನು ಮಾಡಿದರೆ "ನಿಮ್ಮ ಮಗಳೇ ಬಂದು ಮಾತಾಡಲಿ" ಎಂಬ ಉತ್ತರ ಬರುವ ಸಂಭವವೇ ಹೆಚ್ಚು.

ಈಗ ನಮ್ಮ ಪ್ರಶ್ನೆಗೆ ಮರಳೋಣ. ಗುಟ್ಟು ಎನ್ನುವುದು ಯಾರ ಸೊತ್ತು? ಅಪ್ಪ ಅಮ್ಮಂದಿರು ಅದನ್ನು ತಮ್ಮದೆಂದು ತಿಳಿದಿದ್ದಾರೆ. ಆದರೆ ತೊಂದರೆ ಮಗುವಿನದು. ಓದುವ ಕಣ್ಣು, ತಡಕಾಡುವ ಮನಸ್ಸು, ಮುಂದಿನ ಅರವತ್ತು ವರ್ಷದ ಬಾಳು, ಎಲ್ಲವೂ ಅದರದೇ. ತನ್ನ ಬಗೆಗಿನ ಸತ್ಯವನ್ನು ತನ್ನಿಂದಲೇ ಮುಚ್ಚಿಡುವುದು ರಕ್ಷಣೆಯಂತೆ ಕಂಡರೂ, ಒಂದು ದಿನ ಬೇಕಾಗುವ ಆಯುಧವನ್ನು ಅಡಗಿಸಿಟ್ಟ ಹಾಗೆ. ಹಾಗೆಂದು ಇದನ್ನು ಊರಿಗೆಲ್ಲ ಸಾರಬೇಕೆಂದು ನಾವು ಹೇಳುತ್ತಿಲ್ಲ. ಅದೂ ಮಗುವಿನ ಸೊತ್ತನ್ನು ಕೇಳದೆ ಹಂಚಿದಂತೆಯೇ. ಮಗುವಿಗೆ ಮೊದಲು ತಿಳಿಯಲಿ, ಸರಿಯಾದ ಹೆಸರಿನೊಡನೆ, ಅದರ ವಯಸ್ಸಿಗೆ ಹೊಂದುವ ಮಾತಿನಲ್ಲಿ. ಮಿಕ್ಕ ಯಾರಿಗೆ ಹೇಳಬೇಕು, ಯಾವಾಗ ಹೇಳಬೇಕು ಎಂಬುದನ್ನು ಬೆಳೆಯುತ್ತ ಬೆಳೆಯುತ್ತ ಅದೇ ನಿರ್ಧರಿಸಲಿ. ಮುಚ್ಚಿಡುವ ಅಧಿಕಾರವೂ ನಮ್ಮದಲ್ಲ, ಬಿಚ್ಚಿಡುವ ಅಧಿಕಾರವೂ ನಮ್ಮದಲ್ಲ.

ಇಲ್ಲಿ ಕೆಲವರು ಒಂದು ಆಕ್ಷೇಪವೆತ್ತುತ್ತಾರೆ: "ಹೆಚ್ಚು ಸಮಯ ಕೊಟ್ಟರೆ ಮಿಕ್ಕ ಮಕ್ಕಳಿಗೆ ಅನ್ಯಾಯವಲ್ಲವೇ?" ನ್ಯಾಯವಾದ ಪ್ರಶ್ನೆಯೇ. ಉತ್ತರಕ್ಕೆ ನಮ್ಮ ದೇವಾಲಯದಾಚೆ ಹುಡುಕಬೇಕಿಲ್ಲ. ಪೂಜೆ ನಡೆಯುವಾಗ ಎಲ್ಲರೂ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುತ್ತೇವೆ. ಮಂಡಿ ನೋವಿರುವ ಹಿರಿಯರಿಗೆ ಹಿಂದೆ ಸಾಲಾಗಿ ಕುರ್ಚಿ ಹಾಕಿರುತ್ತದೆ. ಕುರ್ಚಿಯಲ್ಲಿ ಕೂತವರ ಭಕ್ತಿ ಕಡಿಮೆ ಎಂದೋ, ಅವರಿಗೆ ಪುಣ್ಯ ಅರ್ಧವೆಂದೋ ಯಾರಾದರೂ ಹೇಳಿದ್ದುಂಟೇ? ಪೂಜೆಗೆ ಬಂದದ್ದು ಭಗವಂತನಿಗಾಗಿ, ಮಂಡಿಯ ಪರೀಕ್ಷೆಗಾಗಿ ಅಲ್ಲ. ಹಾಗೆಯೇ ಇತಿಹಾಸದ ಪರೀಕ್ಷೆ ನೋಡಬೇಕಾದದ್ದು ಇತಿಹಾಸ ಎಷ್ಟು ತಿಳಿದಿದೆ ಎಂಬುದನ್ನು, ಪ್ರಶ್ನೆಪತ್ರಿಕೆಯನ್ನು ಎಷ್ಟು ಬೇಗ ಓದಬಲ್ಲರೆಂಬುದನ್ನಲ್ಲ. ಒಂದು ಕಾಲದಲ್ಲಿ ಹೆಚ್ಚು ಸಮಯ ಪಡೆದವರ ಎಸ್.ಎ.ಟಿ. ಅಂಕಗಳ ಪಕ್ಕದಲ್ಲಿ ಒಂದು ಗುರುತು ಹಾಕುತ್ತಿದ್ದರು. 2003ರಲ್ಲಿ ಅದನ್ನು ನಿಲ್ಲಿಸಿದರು, ಎ.ಸಿ.ಟಿ.ಯಲ್ಲೂ ಅದೇ ವರ್ಷ ನಿಂತಿತು. ಇಂದು ಅಂಕಪಟ್ಟಿ ನೋಡಿದ ಕಾಲೇಜಿಗೆ ಅದು ತಿಳಿಯುವುದಿಲ್ಲ. ಪ್ರವೇಶಕ್ಕೆ ಮುನ್ನ "ನಿನಗೆ ಡಿಸೆಬಿಲಿಟಿ ಇದೆಯೇ?" ಎಂದು ಕಾಲೇಜು ಕೇಳುವಂತೆಯೂ ಇಲ್ಲ. ಹಣೆಪಟ್ಟಿಯ ಭಯವಿರುವವರು ಇದನ್ನು ಗಮನಿಸಬೇಕು.

ಇನ್ನೊಂದು ಆಕ್ಷೇಪ: "ಕೇಳಿ ಕಲಿತದ್ದು ಓದಿ ಕಲಿತಂತಾದೀತೇ?" ಇದನ್ನು ಬೇರೆ ಯಾರು ಕೇಳಿದರೂ ನಾವು ಕೇಳಬಾರದು. ವೇದಕ್ಕೆ ಶ್ರುತಿ ಎಂದು ಹೆಸರಿಟ್ಟವರ ಪರಂಪರೆ ನಮ್ಮದು. ಅದು ಪುಸ್ತಕವಾಗುವ ಮುನ್ನ ಎಷ್ಟೋ ತಲೆಮಾರು ಕಿವಿಯಿಂದ ಕಿವಿಗೆ ಹರಿದು ಬಂತು. ಕರ್ನಾಟಕದ ಹಳ್ಳಿಗಳಲ್ಲಿ ಅಕ್ಷರ ಬಾರದ ಎಷ್ಟೋ ಹಿರಿಯರಿಗೆ ಕುಮಾರವ್ಯಾಸ ಭಾರತದ ಕಥೆಯೆಲ್ಲ ಬಾಯಿಗೆ ಬರುತ್ತಿತ್ತು. ಗಮಕಿಗಳು ಓದಿದರು, ವ್ಯಾಖ್ಯಾನಕಾರರು ಬಿಡಿಸಿ ಹೇಳಿದರು, ಜನ ಚಾವಡಿಯಲ್ಲಿ ಕೂತು ಕೇಳಿದರು. ಕೇಳಿದವರನ್ನು ಯಾರೂ "ಅವರಿಗೆ ಭಾರತ ಗೊತ್ತಿಲ್ಲ" ಎನ್ನಲಿಲ್ಲ. ಇಂದು ಕಂಪ್ಯೂಟರ್ ಗಟ್ಟಿಯಾಗಿ ಓದಿ ಹೇಳುವ ಪಠ್ಯವನ್ನು ಇಯರ್‌ಫೋನಿನಲ್ಲಿ ಕೇಳುವ ಹುಡುಗ ಅದೇ ಚಾವಡಿಯಲ್ಲಿ ಕೂತಿದ್ದಾನೆ. ಓದಲು ಕಲಿಸುವ ಪ್ರಯತ್ನ ಬಿಡಬೇಕೆಂದಲ್ಲ. ಓದು ಕುಂಟುತ್ತಿದೆ ಎಂಬ ಕಾರಣಕ್ಕೆ ಜ್ಞಾನವನ್ನು ಕಾಯಿಸಬಾರದು ಅಷ್ಟೇ.

ನಮ್ಮಂಥ ಮನೆಗಳಿಗೇ ವಿಶೇಷವಾದ ಒಂದು ಅನುಮಾನವಿದೆ. "ಮನೆಯಲ್ಲಿ ಕನ್ನಡ ಮಾತಾಡುವುದರಿಂದಲೇ ಮಗುವಿಗೆ ಗೊಂದಲವಾಗಿದೆ, ಇಂಗ್ಲಿಷೊಂದೇ ಆಡಿ" ಎಂಬ ಸಲಹೆ ನೆಂಟರಿಂದಲೂ ಬರುತ್ತದೆ, ಕೆಲವೊಮ್ಮೆ ತಿಳಿದವರಿಂದಲೂ ಬರುತ್ತದೆ. ಎರಡು ಭಾಷೆಯಿಂದ ಡಿಸ್ಲೆಕ್ಸಿಯಾ ಬರುವುದಿಲ್ಲ. ಇಂಗ್ಲಿಷ್ ಸಾಲದಿರುವುದೇ ನಿಜವಾದ ಕಾರಣವಾಗಿರುವಾಗ ಮಗುವಿಗೆ ಡಿಸೆಬಿಲಿಟಿ ಇದೆಯೆಂದು ತೀರ್ಮಾನಿಸಬಾರದೆಂದು ಕಾನೂನೇ ಹೇಳುತ್ತದೆ. ಅಜ್ಜಿಯೊಡನೆ ಫೋನಿನಲ್ಲಿ ಆಡುವ ನಾಲ್ಕು ಕನ್ನಡ ಮಾತುಗಳನ್ನು ಕಿತ್ತುಕೊಂಡರೆ ಓದು ಸುಧಾರಿಸುವುದಿಲ್ಲ. ಶಾಲೆಯಲ್ಲಿ ಸೋತು ಬಂದ ಮಗುವಿಗೆ ಸೋಲಿಲ್ಲದ ಒಂದು ಜಾಗ ಇಲ್ಲವಾಗುತ್ತದೆ. ಇನ್ನು "ಪೂರ್ವಜನ್ಮದ ಕರ್ಮ" ಎಂಬ ಮಾತು. ಕರ್ಮಸಿದ್ಧಾಂತ ನಮಗೆ ಕೊಟ್ಟಿರುವುದು ನಮ್ಮ ಇಂದಿನ ಕರ್ತವ್ಯವನ್ನು ನೆನಪಿಸಿಕೊಳ್ಳುವುದಕ್ಕೆ, ಇನ್ನೊಬ್ಬರ ಮಗುವಿನ ಲೆಕ್ಕ ಬರೆಯುವುದಕ್ಕಲ್ಲ.

ಹಾಗಾದರೆ ಮಾಡಬೇಕಾದದ್ದೇನು? ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನು ನಾವು ಮಕ್ಕಳಿಗೆ ಹೇಳುತ್ತೇವೆ. ಈ ವಿಷಯದಲ್ಲಿ ಅದು ದೊಡ್ಡವರಿಗೂ ಸಲ್ಲುತ್ತದೆ. ಒಂಬತ್ತನೆಯ ತರಗತಿಯಿಂದಲೇ ಮಗುವನ್ನು ಐ.ಇ.ಪಿ. ಸಭೆಯಲ್ಲಿ ಕೂರಿಸಬೇಕು. ಮೊದಲ ವರ್ಷ ತನ್ನ ಹೆಸರು ಹೇಳಿ, ತನಗೆ ಯಾವುದು ಸುಲಭ, ಯಾವುದು ಕಷ್ಟ ಎಂದು ಎರಡು ಮಾತು ಹೇಳಿದರೂ ಸಾಕು. ಮುಂದಿನ ವರ್ಷ ನಾಲ್ಕು ಮಾತು. ಹೈಸ್ಕೂಲಿನ ನಂತರದ ಓದು, ಕೆಲಸ, ಬಾಳುವೆಗಳ ಬಗ್ಗೆ ಯೋಜನೆ ಮಾಡುವುದು ಹದಿನಾರು ತುಂಬುವ ಹೊತ್ತಿಗೆ ಐ.ಇ.ಪಿ.ಯಲ್ಲಿ ಇರಲೇಬೇಕೆಂದು 2004ರ ತಿದ್ದುಪಡಿ ಹೇಳುತ್ತದೆ; ಕೆಲವು ರಾಜ್ಯಗಳಲ್ಲಿ ಇನ್ನೂ ಮೊದಲೇ ಶುರುವಾಗುತ್ತದೆ. ಈ ಭಾಗವನ್ನು ಬರಿಯ ಫಾರಂ ಎಂದು ತಿಳಿದು ಸಹಿ ಹಾಕಬೇಡಿ. ಮಗುವಿನ ಆಸಕ್ತಿಯನ್ನು ಯಾರಾದರೂ ಕೇಳಿ ಬರೆದಿದ್ದಾರೆಯೇ ಎಂದು ನೋಡಿ.

ಹನ್ನೊಂದನೆಯ ತರಗತಿ ಬರುವಾಗ ಎಸ್.ಎ.ಟಿ., ಎ.ಪಿ. ಪರೀಕ್ಷೆಗಳ ಅನುಕೂಲಗಳಿಗೆ ಅರ್ಜಿ ಹೋಗಬೇಕು. ಒಪ್ಪಿಗೆಗೆ ಏಳು ವಾರ ಹಿಡಿಯಬಹುದು, ಆದ್ದರಿಂದ ಕೊನೆಯ ಗಳಿಗೆಗೆ ಬಿಡುವ ಕೆಲಸವಲ್ಲ. ಮೂರನೆಯ ತರಗತಿಯಲ್ಲಿ ಮಾಡಿಸಿದ ಹಳೆಯ ವರದಿ ಕಾಲೇಜಿನಲ್ಲಿ ನಡೆಯದಿರಬಹುದು. ಶಾಲೆಯಲ್ಲಿರುವಾಗಲೇ ಹೊಸ ಪರೀಕ್ಷೆ ಮಾಡಿಸುವಂತೆ ಕೇಳಿ, ಏಕೆಂದರೆ ಅದನ್ನು ಮಾಡಿಸಿಕೊಡುವ ಹೊಣೆ ಕಾಲೇಜಿಗಿಲ್ಲ. ಹೊರಗೆ ಮಾಡಿಸಿದರೆ ಸಾವಿರಾರು ಡಾಲರ್ ಖರ್ಚು. ಬಹುತೇಕ ರಾಜ್ಯಗಳಲ್ಲಿ ಹದಿನೆಂಟಕ್ಕೆ ಹಕ್ಕುಗಳು ಮಗುವಿನ ಕೈಗೆ ಬರುತ್ತವೆ. ಅದಕ್ಕೆ ಒಂದು ವರ್ಷ ಮುಂಚೆಯೇ ಶಾಲೆ ಅದನ್ನು ತಿಳಿಸಬೇಕು. ಶಾಲೆ ಬಿಡುವಾಗ ಮಗು ಏನನ್ನು ಸಾಧಿಸಿದೆ, ಮುಂದೆ ಯಾವ ನೆರವು ಬೇಕು ಎಂಬ ಒಂದು ಸಾರಾಂಶವನ್ನೂ ಶಾಲೆ ಕೊಡಬೇಕು. ಕೇಳಿ ಪಡೆಯಿರಿ, ಮಗುವಿನೊಡನೆ ಕೂತು ಓದಿ. ಕಾಲೇಜು ನೋಡಲು ಹೋದಾಗ ಲೈಬ್ರರಿ, ಡಾರ್ಮು ನೋಡುವಂತೆಯೇ ಡಿಸೆಬಿಲಿಟಿ ಆಫೀಸಿನ ಬಾಗಿಲನ್ನೂ ತಟ್ಟಿ. ಆದರೆ ಒಳಗೆ ಮಾತಾಡುವವರು ನೀವಾಗಬೇಡಿ.

ಯೋಜನೆಯೆಂದರೆ ನಮ್ಮ ಮನಸ್ಸಿಗೆ ಬರುವುದು ನಾಲ್ಕು ವರ್ಷದ ಕಾಲೇಜು, ಅದರಲ್ಲೂ ಎಂಜಿನಿಯರಿಂಗ್ ಅಥವಾ ವೈದ್ಯಕೀಯ. ಮಗುವಿಗೆ ಅದೇ ಬೇಕಿದ್ದರೆ ಡಿಸ್ಲೆಕ್ಸಿಯಾ ಅದಕ್ಕೆ ಅಡ್ಡಿಯಾಗಬೇಕಿಲ್ಲ. ಅಂಥ ವೈದ್ಯರೂ ಎಂಜಿನಿಯರುಗಳೂ ಇದ್ದಾರೆ. ಬೇಡದಿದ್ದರೆ? ಕಮ್ಯುನಿಟಿ ಕಾಲೇಜಿನಲ್ಲಿ ಎರಡು ವರ್ಷ ಓದಿ ಮುಂದೆ ವಿಶ್ವವಿದ್ಯಾನಿಲಯಕ್ಕೆ ಹೋಗುವ ದಾರಿಯಿದೆ. ಕೆಲಸ ಮಾಡುತ್ತಲೇ ಕಲಿಯುವ ಅಪ್ರೆಂಟಿಸ್ ದಾರಿಯಿದೆ. ಪ್ರತಿ ರಾಜ್ಯದಲ್ಲೂ ವೊಕೇಶನಲ್ ರಿಹೆಬಿಲಿಟೇಶನ್ ಇಲಾಖೆ ಇದೆ. 2014ರ ಕಾನೂನಿನ ನಂತರ ಅದು ಹೈಸ್ಕೂಲಿನ ಮಕ್ಕಳಿಗೂ ಕೆಲಸದ ಪರಿಚಯ, ತರಬೇತಿ ಕೊಡುತ್ತಿದೆ. ಇದರ ಹೆಸರು ಕೇಳಿದರೆ ಮುಖ ಸಿಂಡರಿಸುವವರುಂಟು. ಗೀತೆಯ ಸ್ವಧರ್ಮದ ಮಾತನ್ನು ಪ್ರವಚನದಲ್ಲಿ ಕೇಳಿ ತಲೆದೂಗುವ ನಾವು, ಮಗ ಮರಗೆಲಸವನ್ನೋ ಅಡುಗೆಯನ್ನೋ ಕಲಿಯುತ್ತೇನೆಂದರೆ ಏಕೆ ಬೆಚ್ಚಬೇಕು? ಪಂಚತಂತ್ರದ ವಿಷ್ಣುಶರ್ಮನ ಕೈಗೆ ರಾಜ ಒಪ್ಪಿಸಿದ್ದು ಯಾವ ಶಾಸ್ತ್ರವೂ ತಲೆಗೆ ಹತ್ತದ ಮೂವರು ರಾಜಕುಮಾರರನ್ನು. ಅವನು ಮಕ್ಕಳನ್ನು ಬಯ್ಯಲಿಲ್ಲ. ಪಾಠದ ರೀತಿಯನ್ನು ಬದಲಾಯಿಸಿದ, ನರಿ ಸಿಂಹಗಳ ಕಥೆ ಹೇಳಿದ, ಆರು ತಿಂಗಳಲ್ಲಿ ನೀತಿಶಾಸ್ತ್ರ ಕಲಿಸಿದ.

ಇದೆಲ್ಲದರ ತಿರುಳು ಒಂದೇ ಕೌಶಲ: ಕೇಳುವುದು. ನಮಗೆ ಅದು ನಾಚಿಕೆಯ ವಿಷಯವಾಗಿದೆ. ಪರದೇಶಕ್ಕೆ ಬಂದು ಯಾರ ಮುಂದೆಯೂ ಕೈಚಾಚದೆ ಮನೆ ಕಟ್ಟಿದ ಹೆಮ್ಮೆ ನಮ್ಮದು. ಆದರೆ ನಮ್ಮಲ್ಲಿ ಅನೇಕ ಮನೆಗಳಲ್ಲಿ ನಡೆಯುವ ಉಪನಯನವನ್ನು ನೆನೆಯಿರಿ. ವಿದ್ಯೆಗೆ ಹೊರಟ ವಟು ಮೊದಲು ಮಾಡುವ ಕೆಲಸಗಳಲ್ಲಿ ಒಂದು, ಭಿಕ್ಷೆ ಬೇಡುವುದು. ಅದೂ ಮೊದಲು ತನ್ನ ತಾಯಿಯ ಮುಂದೆ ನಿಂತು. ಅವನಿಗೆ ಮನೆಯಲ್ಲಿ ಅನ್ನವಿಲ್ಲವೆಂದಲ್ಲ. ಕಲಿಯುವವನಿಗೆ ಕೇಳುವುದು ಗೊತ್ತಿರಬೇಕು, ಕೇಳಿದರೆ ಮಾನ ಹೋಗದು ಎಂದು ಹಿರಿಯರು ಅಲ್ಲಿಯೇ ಕಲಿಸಿದರು. ತಾಯಿಯ ಬಳಿ ಕೇಳಿ ಅಭ್ಯಾಸವಾದವನು ನಾಳೆ ಪ್ರೊಫೆಸರರ ಬಳಿ ಕೇಳುತ್ತಾನೆ. ಕೇಳುವ ಮೊದಲೇ ಎಲ್ಲವನ್ನೂ ತಟ್ಟೆಗೆ ಹಾಕಿಬಿಡುವ ಪ್ರೀತಿ ಆ ಅಭ್ಯಾಸವನ್ನು ತಪ್ಪಿಸುತ್ತದೆ. ಗಂಡು ಹೆಣ್ಣೆಂಬ ಭೇದವಿಲ್ಲದೆ ಪ್ರತಿ ಮಗುವಿಗೂ ಈ ಪಾಠ ಬೇಕು.

ಕೊನೆಯದಾಗಿ, ನಮ್ಮ ಸಮಾಜ ಮಾಡಬಹುದಾದ ಕೆಲವು ಸಣ್ಣ ಕೆಲಸಗಳು. ನಮ್ಮ ಕನ್ನಡ ತರಗತಿಯಲ್ಲಿ ಮಗುವನ್ನು ಎದ್ದು ನಿಲ್ಲಿಸಿ ಗಟ್ಟಿಯಾಗಿ ಓದಿಸುವ ಮುನ್ನ ಅದಕ್ಕೆ ಒಪ್ಪಿಗೆಯೇ ಎಂದು ಕೇಳೋಣ. ಅಕ್ಷರ ಬರೆಯಲಾರದ ಮಗು ಹಾಡಿನಿಂದ, ನಾಟಕದಿಂದ ಕನ್ನಡ ಕಲಿಯಲಿ. ಅಕ್ಷರಾಭ್ಯಾಸದಲ್ಲಿ ಅಕ್ಕಿಯ ಮೇಲೆ ಬೆರಳಾಡಿಸಿ ಬರೆಸುವ ನಮಗೆ, ಕಲಿಕೆ ಮುಟ್ಟಿ, ಕೇಳಿ, ಹಾಡಿಯೂ ಆಗುತ್ತದೆಂದು ಬೇರೆಯವರು ಹೇಳಿಕೊಡಬೇಕಿಲ್ಲ. ಹೈಸ್ಕೂಲು ಮುಗಿಸಿದವರನ್ನು ಹರಸುವಾಗ ಕಾಲೇಜಿನ ಹೆಸರಿನ ತೂಕ ನೋಡದೆ ಎಲ್ಲರಿಗೂ ಒಂದೇ ಚಪ್ಪಾಳೆ ತಟ್ಟೋಣ. ಈ ದಾರಿಯಲ್ಲಿ ಮೊದಲೇ ನಡೆದ ತಂದೆತಾಯಿಯರು, ತಮ್ಮ ಮಕ್ಕಳ ಒಪ್ಪಿಗೆ ಪಡೆದು, ಈಗ ನಡೆಯುತ್ತಿರುವವರ ಜೊತೆ ಅರ್ಧ ಗಂಟೆ ಕೂತು ಮಾತಾಡಿದರೆ ಅದಕ್ಕಿಂತ ದೊಡ್ಡ ಸೇವೆ ಬೇರೊಂದಿಲ್ಲ. ಮಿಕ್ಕವರು "ಎಷ್ಟು ಎ.ಪಿ.?" ಎಂಬುದರ ಬದಲು "ಈಗ ಯಾವುದರಲ್ಲಿ ಖುಷಿಯಿದೆ?" ಎಂದು ಮಗುವನ್ನೇ ಕೇಳಬಹುದು.

ಉತ್ತರ ಬರಲು ಸ್ವಲ್ಪ ತಡವಾದೀತು. ಕಾಯೋಣ. ಹೆಚ್ಚು ಸಮಯ ಕೊಡುವ ಕೆಲಸ ಪರೀಕ್ಷೆಯ ಕೋಣೆಗೆ ಮಾತ್ರ ಸೇರಿದ್ದಲ್ಲವಲ್ಲ. ತಾಯಿ ಶಾರದೆ ಎಲ್ಲ ಮಕ್ಕಳ ನಾಲಿಗೆಯ ಮೇಲೂ ನೆಲೆಸಲಿ.